ನಾಲ್ಕಾದರೆ

ಬುಸಾನಿನ ಯೊಂಗ್ಡೊ ದ್ವೀಪ. ಹಡಗುಕಟ್ಟೆಯ ಬೆನ್ನಿಗೆ
ಹನ್ನೆರಡು ಅಂತಸ್ತಿನ ಆಸ್ಪತ್ರೆ.
ಹೊಸ ಲಿಫ್ಟಿನ ಗುಂಡಿಗಳು ಮಾತ್ರ
ಹದಿಮೂರರ ತನಕ.
ಮೂರರ ಮೇಲೆ ಐದು.
ನಡುವೆ ಬೆರಳಿಗೆ ಸಿಗುವುದು ನುಣ್ಣನೆಯ ಉಕ್ಕು.

ಅಲ್ಲಿಯವರ ನುಡಿಯಲ್ಲಿ ನಾಲ್ಕಕ್ಕೆ ‘ಸಾ’ ಎನ್ನುತ್ತಾರೆ,
ಸಾವಿಗೂ ಅದೇ ಸದ್ದು.
ಕನ್ನಡದ ಕಿವಿಗೆ ಇದನ್ನು
ಬಿಡಿಸಿ ಹೇಳಬೇಕಾಗಿಲ್ಲ.

ತಾಕ್ ಮಿರ್ಯೊಂಗ್ ಲಿಫ್ಟಿಗೆ ಎಣಿಕೆ ಕಲಿಸುವವಳು.
ಒಂದರಿಂದ ಹೊರಡು, ಸುತ್ತಿಗೊಂದು ಕೂಡಿಸು,
ಹದಿನಾಲ್ಕಕ್ಕೆ ಸಮವಾದಾಗ ನಿಲ್ಲು.
ಇಷ್ಟೇ ಇತ್ತು ಮೊದಲ ಲೂಪು.
ಆಡಳಿತದವರು ನಾಲ್ಕು ಬೇಡ ಎಂದರು.
ಅವಳು ಕೂಡಿಸುವ ಜಾಗದಲ್ಲೇ, ಅದೇ ಸಾಲಿನ ಹೊಟ್ಟೆಯೊಳಗೆ,
ಒಂದು ಪ್ರಶ್ನೆ ತುರುಕಿದಳು:
ಈಗ ಮೂರಾದರೆ ಎರಡು, ಇಲ್ಲವಾದರೆ ಒಂದು.

ಚೊಕ್ಕವಾಗಿತ್ತು. ತನ್ನ ಬಗ್ಗೆ ತನಗೇ ಮೆಚ್ಚುಗೆ,
ಕುಂಟೆಬಿಲ್ಲೆಯಲ್ಲಿ ಗೆರೆ ಮೆಟ್ಟದೆ
ಮನೆ ಹಾರಿದ ಹುಡುಗಿಯ ಹಾಗೆ.

ಆಮೇಲೆ ಯಾರೋ ಹಿರಿಯ ವೈದ್ಯರು ಕೇಳಿದರಂತೆ,
ನಾಳೆ ಮೇಲೊಂದು ಅಂತಸ್ತು ಎದ್ದರೆ?
ಹದಿನಾಲ್ಕರ ಬಾಲದಲ್ಲೂ ‘ಸಾ’ ಇದೆಯಲ್ಲ?
ಆಗಲಿ ಎಂದು ಪ್ರಶ್ನೆಗೆ ಇನ್ನೊಂದು ಗಂಟು ಹಾಕಿದಳು:
ಮೂರಾದರೆ, ಅಥವಾ ಹದಿಮೂರಾದರೆ.

‘ಆದರೆ’ ಎಂಬುದು ನಮ್ಮಲ್ಲಿ
ಷರತ್ತೂ ಹೌದು, ತಕರಾರೂ ಹೌದು.
ಮಿರ್ಯೊಂಗಳಿಗೆ ಕನ್ನಡ ಬಾರದು.

ಪರೀಕ್ಷೆಯ ರಾತ್ರಿ, ಎರಡು ಗಂಟೆ.
ಲಿಫ್ಟು ಹದಿಮೂರಕ್ಕೆ ಹೋಗಿ ನಿಂತಿತು.
ಎಣಿಕೆ ನಿಲ್ಲಲಿಲ್ಲ.
ಬಾಗಿಲ ಮೇಲಿನ ಕೆಂಪು ಅಂಕಿ
ಹದಿನೈದು, ಹದಿನಾರು, ಹದಿನೇಳು,
ಇಲ್ಲದ ಮಹಡಿಗಳನ್ನು ಹತ್ತುತ್ತಲೇ ಹೋಯಿತು:
ಮುನ್ನೂರ ಎಂಟು. ಮುನ್ನೂರ ಒಂಬತ್ತು.
ಅಷ್ಟೆತ್ತರದಲ್ಲಿ ಯಾವ ವಾರ್ಡು, ಯಾರ ಹಾಸಿಗೆ,
ಯಾವ ನರ್ಸು ಯಾರ ನಾಡಿ ಹಿಡಿದಿದ್ದಾಳು?

ನಿಲ್ಲಬೇಕಾದ ಮೆಟ್ಟಿಲನ್ನೇ ಹಾರಿತ್ತು ಅದು.
‘ಸಮವಾದಾಗ’ ಎಂದು ಬಾಗಿಲಲ್ಲಿ ಕಾವಲು ಕೂತ ಮಾತು
ಹದಿನಾಲ್ಕರ ದಾರಿ ಇನ್ನೂ ಕಾಯುತ್ತಿತ್ತು.

ಮಿರ್ಯೊಂಗ್ ‘ಐದ’ರ ಮೆಟ್ಟಿಲ ಬಳಿ
ಲ್ಯಾಪ್‌ಟಾಪು ಬಿಚ್ಚಿ ಕೂತಳು.
‘ಸಮವಾಗುವ ತನಕ’ ಅಳಿಸಿ
‘ಚಿಕ್ಕದಾಗಿರುವ ತನಕ’ ಎಂದರೆ ಮುಗಿಯಿತು,
ಒಂದೆರಡು ಚಿಹ್ನೆಯ ಕೆಲಸ.
ಕೈ ಏಕೋ ಏಳಲಿಲ್ಲ.

ಕೆಳಗೆ ನೀರು ತುಳುಕುವ ಸದ್ದು.
ನೆಲ ಒರೆಸುವ ಕುಕ್ ಮಾಲ್ಸುನ್, ಅರವತ್ತೆಂಟು ವಯಸ್ಸು,
ಲಿಫ್ಟನ್ನೂ ಅದರ ವಂಶವನ್ನೂ ಬೈಯುತ್ತ,
ಬಕೀಟು ಕೈ ಬದಲಿಸುತ್ತ ಹತ್ತಿ ಬಂದಳು,
ಅಂತಸ್ತಿಗೊಂದು ಎಣಿಸಿ:
ಹಾನಾ, ತೂಲ್, ಸೇತ್,
ನೇತ್.

“ಇದು ಐದಲ್ಲವೇ, ಅಜ್ಜಿ?”
“ಅದು ಬರೆದದ್ದು. ಮಂಡಿಗೆ ಗೊತ್ತು, ನಾಲ್ಕೇ.”

ನೇತ್ ಕೂಡ ನಾಲ್ಕೇ. ಮನೆಮಾತಿನ ನಾಲ್ಕು.
ಮೀನಂಗಡಿಯಲ್ಲಿ ಬುಟ್ಟಿಗೆ ಎಣಿಸಿ ಹಾಕುವ ನಾಲ್ಕು,
ಮಗುವಿಗೆ ಎಷ್ಟು ತುಂಬಿತು ಎಂದರೆ ಹೇಳುವ ನಾಲ್ಕು.
ಅದರೊಳಗೆ ಈವರೆಗೆ ಯಾರೂ ಸತ್ತಿರಲಿಲ್ಲ.

ಮಿರ್ಯೊಂಗ್ ಕೂಡಿಸುವ ಜಾಗದಿಂದ ಪ್ರಶ್ನೆಯನ್ನು ಕಿತ್ತಳು.
ಬರೀ ಒಂದು. ಪ್ರತಿ ಸಲ ಒಂದು.
ಒಂದರಿಂದ ಹನ್ನೆರಡು, ದಾಟಿದರೆ ನಿಲ್ಲು.
ಭಯಕ್ಕೆ ಬೇರೆ ಜಾಗ ಕೊಟ್ಟಳು,
ಸುತ್ತಿನ ಒಳಗೆ, ಫಲಕ ಬರೆಯುವಲ್ಲಿ,
ಮುಂದೆ ಬರುವವರ ಕಣ್ಣಿಗೆ ಬೀಳುವ ಹಾಗೆ:
ಮೂರು ದಾಟಿದ್ದರೆ ಒಂದು ಸೇರಿಸಿ ತೋರಿಸು.
ಮೊದಲಿನಷ್ಟು ಚೊಕ್ಕವಿಲ್ಲ.
ನಾಲ್ಕು ಸಾಲು ಹಿಡಿಯಿತು.

ಕೆಂಪು ಅಂಕಿ ಆರಿ, ಹತ್ತಿ,
ಹದಿಮೂರು ಎಂದು ಸುಮ್ಮನಾಯಿತು.
ಬಂದರಿನಲ್ಲಿ ಯಾವುದೋ ಹಡಗು ಕೂಗಿತು.

“ಮತ್ತೆ ಹಾರುತ್ತದೆಯೋ ಇದು?”
“ಇಲ್ಲ. ಇನ್ನು ನಡೆಯುತ್ತದೆ.”

“ಹಾಗಾದರೆ ಕಾಲು ಎತ್ತು,” ಎಂದಳು ಮಾಲ್ಸುನ್,
“ಒರೆಸಬೇಕು.”