ಷರಾ

“ಸುಗಂಧಾ ಪುಂಡಲೀಕ ತಾಂಡೇಲ, ಅಜ್ಜನ ಜೊತೆ ಬಂದವರು!”
ಎಂದು ಕೂಗಿದ ಜವಾನ. ನಾವು ತಿದ್ದಲಿಲ್ಲ.
ಶಾಲೆಯಿಂದಲೂ ರೂಢಿ.

ಒಳಗೆ ಹೊಸ ಡಾಕ್ಟರಮ್ಮ:
“ಇವಳು ಹುಟ್ಟಿದಾಗ ತಂದೆಗೆ ಎಷ್ಟು ವಯಸ್ಸು?”
ಅಪ್ಪ ಕನ್ನಡಕ ತೆಗೆದ, ಒರೆಸಿದ,
ಹಾಕಿಕೊಳ್ಳದೆಯೇ ಅಂದ: ಐವತ್ತಾರು.
ಬರೆದುಕೊಂಡರು. ಅಷ್ಟೇ.
ಮುಂದಿನ ಪ್ರಶ್ನೆ ನಿದ್ದೆಯದು.

ಅಪ್ಪ ಮಾತ್ರ ಆ ಖಾನೆಯಿಂದ ಹೊರಬರಲಿಲ್ಲ.
ಬೈತಖೋಲ ಬಂದರದಲ್ಲಿ ಮೂವತ್ತೊಂದು ವರ್ಷ
ಭರತ ಇಳಿತ ಬರೆದವನು;
ನೀರು ಒಂದು ಗೇಣು ಹೆಚ್ಚು ಏರಿದರೆ
ಕಾರಣ ಹುಡುಕಿ ಷರಾ ಹಾಕಿದವನು:
ಹುಣ್ಣಿಮೆ, ನೈರುತ್ಯದ ಗಾಳಿ, ಕಾಳಿಯಲ್ಲಿ ನೆರೆ.
ಈಗ ಸಿಕ್ಕಿದ್ದು ಇದು.

ಔಷಧಿ ಅಂಗಡಿಯವನನ್ನು ಕೇಳಿದ. ನೆರೆಮನೆ ಹುಡುಗನ
ಮೊಬೈಲಿನಲ್ಲಿ ಓದಿಸಿ ಕೇಳಿದ.
‘ತಂದೆಗೆ ವಯಸ್ಸಾದಷ್ಟೂ ಅಪಾಯ ಸ್ವಲ್ಪ ಹೆಚ್ಚು.’
ಆ ‘ಸ್ವಲ್ಪ’ ಅವನ ಕಿವಿಗೆ ಬೀಳಲಿಲ್ಲ.
ಮೂರು ತಂಗಿಯರ ಮದುವೆ, ಮುಳುಗಿದ ದೋಣಿಯ ಸಾಲ,
ಎಲ್ಲ ತೀರಿದ ಮೇಲೆ ಕಟ್ಟಿಕೊಂಡ ಬಾಸಿಂಗ,
ಒಂದೊಂದನ್ನೂ ಬೆರಳು ಮಡಚಿ ಎಣಿಸಿದ,
ಯಾರದೋ ತಪ್ಪು ಹಿಡಿಯುವ ಆಡಿಟರನ ಹಾಗೆ.

ಆಯಿ ಬಂಗಡೆ ತೊಳೆಯುತ್ತಾ, ತಿರುಗದೆ:
“ನಮ್ಮ ದಾಮುವಿನ ಅಪ್ಪನಿಗೆ ಇಪ್ಪತ್ತೊಂದಾಗಿತ್ತು.
ಅವನ್ಯಾಕೆ ಕೋಡಿಬಾಗದ ಸೇತುವೆ ಕೆಳಗೆ ಕೂತು
ಅಲೆಗಳಿಗೆ ಬಯ್ಯುತ್ತಿದ್ದ?”
ಅಪ್ಪನ ಬಳಿ ಅದಕ್ಕೆ ಷರಾ ಇರಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ: ಆ ಮಾರ್ಚಿನಲ್ಲಿ
ದೇವಗಡದ ದೀಪ ಮಿಣುಕಿದಾಗಲೆಲ್ಲ
ನನ್ನ ಹೆಸರು ಹಿಡಿದು ಕರೆಯುತ್ತಿತ್ತು.
ಹನ್ನೊಂದು ರಾತ್ರಿ. ಹೊಸ್ತಿಲ ಮೇಲೆ ಅಪ್ಪ,
ಅಡ್ಡ, ಬಾಗಿಲಿನಷ್ಟೇ ಸುಮ್ಮನೆ.
“ಏನಂತದೆ ಈಗ?” ಅಂತ ಮಾತ್ರ ಕೇಳುತ್ತಿದ್ದ,
ಗಾಳಿ ಯಾವ ಕಡೆಯದು ಅಂತ ಕೇಳಿದಂತೆ.
ಹರೆಯದ ಅಪ್ಪನಾಗಿದ್ದರೆ ನಿದ್ದೆ ಹೋಗುತ್ತಿದ್ದ.
ಹೀಗೆಂದರೆ ನಗುವುದಿಲ್ಲ ಅವನು.

ನನ್ನ ಹೆದರಿಕೆ ಐವತ್ತಾರಲ್ಲ. ಎಪ್ಪತ್ತೊಂಬತ್ತು.

ಬಂದರದ ಹಳೇ ರಿಜಿಸ್ಟರಿನ ಖಾಲಿ ಹಾಳೆಗಳಲ್ಲಿ
ಇಷ್ಟು ದಿನ ಅವನೇ ಬರೆಯುತ್ತಿದ್ದ:
ತಾರೀಖು, ಗುಳಿಗೆ, ನಾನು ಮಲಗಿದ ತಾಸು.
ನಿನ್ನೆ ಪೆನ್ನು ನನ್ನ ಕೈಗಿಟ್ಟ. “ಇನ್ನು ನೀನೇ ಬರಿ.”
ಗೆರೆ ಸೊಟ್ಟಗಾದರೂ ಬಯ್ಯಲಿಲ್ಲ.

ಇವತ್ತು ಬರೆದೆ. ಗುಳಿಗೆ: ಎರಡು. ನಿದ್ದೆ: ಐದೂವರೆ.
ಷರಾ ಖಾನೆಯಲ್ಲಿ:
ಅಪ್ಪ ಗೊರಕೆ ಹೊಡೆದ, ಎಚ್ಚರವಾಯಿತು.