ಕಪ್ಪು ಟವೆಲು

ತುರ್ಕುವಿನ ಮಾರುಕಟ್ಟೆ ಚೌಕದಿಂದ ಕೊನೆಯ ನಿಲ್ದಾಣಕ್ಕೆ
ನಲವತ್ತೊಂದು ನಿಮಿಷ.
ಅಲ್ಲಿ ಏಳು ನಿಮಿಷ ಬಿಡುವು, ಒಂದು ಪಾಯಿಖಾನೆ.
ಅದರ ಕೀಲಿ ನನ್ನ ಕೊರಳ ದಾರದಲ್ಲಿ,
ಬಸ್ಸಿನ ಕೀಲಿಗಿಂತ ಹತ್ತಿರ.

ಸೀಟಿನ ಮೇಲೆ ಕಪ್ಪು ಟವೆಲು.
ಯಾಕೆ ಕಪ್ಪು ಎಂದು ಗಂಡಸು ಡ್ರೈವರುಗಳು ಕೇಳಲಿಲ್ಲ,
ಹೆಂಗಸರಿಗೆ ಕೇಳಬೇಕಾಗಿರಲಿಲ್ಲ.

ಇಲ್ಲಿನ ಹುಡುಗಿಯರು ಅದನ್ನು ಜಾಮಿನ ವಾರ ಅಂತಾರೆ.
ನನ್ನದು ವಾರವಲ್ಲ, ಹನ್ನೊಂದು ದಿನ.
ಜಾಮೂ ಅಲ್ಲ. ಲಿವರಿನಂಥ ತುಂಡುಗಳು
ಬ್ರೇಕು ಒತ್ತಿದಾಗಲೆಲ್ಲ ಜಾರುತ್ತಿದ್ದವು.
ನಾನು ಕನ್ನಡಿ ನೋಡಿ
ಹಿಂದಿನ ಬಾಗಿಲು ತೆರೆಯುತ್ತಿದ್ದೆ.

ಡಾಕ್ಟರ್ ಮಾರ್ಕೆಟ್ಟಾ, ನನಗಿಂತ ಚಿಕ್ಕವಳು,
ತೆರೆಯ ಮೇಲಿನ ಬೂದುಬಣ್ಣಕ್ಕೆ ಪೆನ್ನು ಮುಟ್ಟಿಸಿದಳು:
"ಒಳಪದರ ಗೋಡೆಯೊಳಗೇ ಬೇರು ಇಳಿಸಿದೆ ನೋಡಿ.
ಹಿಮೋಗ್ಲೋಬಿನ್ ಎಂಟೂ ಇಲ್ಲ.
ಬಸ್ಸು ಹೇಗೆ ಓಡಿಸುತ್ತೀರಿ?"
ಕೂತುಕೊಂಡು, ಅಂದೆ.

ತೆಗೆದುಹಾಕಬಹುದು, ಅಮ್ಮನಿಗೆ ನಲವತ್ತೆರಡಕ್ಕೆ ತೆಗೆದ ಹಾಗೆ.
(ಅಮ್ಮ ಸಾಯುವವರೆಗೆ ಅದನ್ನು 'ಹೊಟ್ಟೆ ಆಪರೇಷನ್' ಎಂದಳು.)
ಇಲ್ಲವೇ ಇದು:
ಅಂಗೈ ಮೇಲಿಟ್ಟಳು. ಬೆಂಕಿಕಡ್ಡಿಗಿಂತ ಗಿಡ್ಡ,
ತೋಳು ಚಾಚಿದ ಪ್ಲಾಸ್ಟಿಕ್ಕು, ಬಾಲಕ್ಕೆ ಎರಡೆಳೆ ದಾರ.
"ಇದು ಬಸುರು ತಡೆಯುವುದಲ್ಲವಾ? ನನ್ನ ಬಸುರು ತಡೆಯಲಿಕ್ಕೆ
ಯೊರ್ಮಾ ರಾತ್ರಿಯಿಡೀ ಹಾಕಿ ನೋಡುತ್ತಾನೆ, ಅಷ್ಟೇ ಸಾಕು."
ನಕ್ಕಳು. "ಇದಕ್ಕೆ ಇನ್ನೊಂದು ಕೆಲಸವೂ ಗೊತ್ತು.
ಅಲ್ಲೇ ಕೂತು ದಿನಾ ಇಷ್ಟಿಷ್ಟೇ ಹಾರ್ಮೋನು ಬಿಡುತ್ತದೆ.
ಪದರ ತೆಳ್ಳಗಾಗುತ್ತದೆ.
ನಾಳೆಯೇ ಅಲ್ಲ."

ಹಾಕುವಾಗ ನೋವಾಯಿತು.
ಆಗುವುದೇ ಇಲ್ಲ ಎನ್ನುವವರ ಹತ್ತಿರ ನನಗೆ ಮಾತಿಲ್ಲ.

ಆಮೇಲೆ ನಾಲ್ಕು ತಿಂಗಳು ತೊಟತೊಟ,
ವಾಷರು ಹೋದ ನಲ್ಲಿ.
ತೆಗೆಸಿಬಿಡೋಣ ಎಂದು ಫೋನು ಮಾಡಿದೆ,
ಸರದಿಯಲ್ಲಿ ನೀವು ಇಪ್ಪತ್ತಮೂರನೆಯವರು ಅಂದಿತು ಯಂತ್ರ.
ಹದಿನಾರನೆಯವಳಾಗುವಷ್ಟರಲ್ಲಿ
ಬಸ್ಸಿನ ಹೊತ್ತಾಯಿತು. ಇಟ್ಟೆ.
ಹೀಗೆ ಅದು ನನ್ನೊಳಗೆ ಉಳಿಯಿತು,
ನಂಬಿಕೆಯಿಂದಲ್ಲ.

ಐದನೆಯ ತಿಂಗಳು ಏನೂ ಬರಲಿಲ್ಲ.
ಕಬ್ಬಿಣದ ಮಾತ್ರೆಯ ರುಚಿ ನಾಲಿಗೆ ಬಿಟ್ಟಿತು,
ರೈ ರೊಟ್ಟಿ ರೈ ರೊಟ್ಟಿಯಾಯಿತು.
ಡಿಪೋದ ಮೆಟ್ಟಿಲು ಹತ್ತಿದ ಮೇಲೆ ನೆನಪಾಯಿತು,
ನಡುವೆ ನಿಲ್ಲಲಿಲ್ಲವೆಂದು.

ಮೂರು ವರ್ಷವಾಗಿತ್ತು ಸೌನಾ ಬಿಟ್ಟು.
ಶನಿವಾರ ನಾದಿನಿ ಕೈಸು ಜೊತೆ
ಮೇಲಿನ ಹಲಗೆ, ಬಿಳಿ ನಾರುಬಟ್ಟೆ, ಬರಿಮೈ.
ಕಲ್ಲು ಚುಂಯ್ ಎಂದಿತು, ಉಗಿ ಕಿವಿ ಸುಟ್ಟಿತು.
ಇಳಿಯಲೆಂದು ಎದ್ದವಳು
ತಿರುಗಿ ನೋಡಿದೆ, ಕೂತ ಜಾಗವನ್ನು.

"ಏನು ಬಿಟ್ಟೆ?" ಅಂದಳು ಕೈಸು.
ಬಟ್ಟೆ ಬಿಳಿಯಾಗೇ ಇತ್ತು, ಬೆವರಿನ ಎರಡು ಗುರುತು ಬಿಟ್ಟರೆ.
ಏನಿಲ್ಲ.
ಮತ್ತೆ ಕೂತೆ.
ಇನ್ನೊಂದು ಸೌಟು ನೀರು ಹಾಕು.