ಚಕ್ಕುಬಂದಿ

'ತುರ್ಕಿ: ರಾಜಕೀಯ ಪಕ್ಷಗಳು.
ಎರಡು ಪುಟ, ಬುಧವಾರದೊಳಗೆ' ಎಂದಿದ್ದರು ಸಂಪಾದಕರು.
ವಿಶ್ವಕೋಶ ತಕಾರಕ್ಕೆ ಬಂದು ನಿಂತಿತ್ತು.
ಎಡ ಒಂದು ಕಾಲಂ, ಬಲ ಒಂದು ಕಾಲಂ
ಗೆರೆ ಹೊಡೆದುಕೊಂಡು ಕೂತವಳಿಗೆ
ಮೂರನೇ ಹೆಸರಿಗೇ ಕೈ ತಡೆಯಿತು.

ಸಾಗರದ ತಾಲ್ಲೂಕು ಕಚೇರಿಯೆದುರು
ಪತ್ರ ಬರೆಯುವ ಹುಚ್ಚರಾಯಪ್ಪನವರ ಮೇಜು,
ಕುಂಟುಗಾಲಿಗೆ ಹೆಂಚಿನ ಚೂರು ಕೊಟ್ಟದ್ದು.
ಕಾಲೇಜಿನ ಬಸ್ಸು ಅಲ್ಲೇ ನಿಲ್ಲುತ್ತದೆ, ನಿಲ್ಲುವ ದಿನ.
ಕನ್ನಡಕ ಒರೆಸಿ ನನ್ನ ಪಟ್ಟಿಯನ್ನು
ಪಹಣಿ ಓದುವ ಹಾಗೆ ಓದಿದರು.

'ವತನ್? ವತನು ಗೊತ್ತು. ಶಾನುಭೋಗಿಕೆ ಜೊತೆ ಹೋಯ್ತಲ್ಲ!'
ಅಲ್ಲಿ ಅದು ತಾಯ್ನಾಡು, ಎಂದೆ.
'ಹಕ್?' ಹಕ್ಕೇ.
'ಅದಾಲೆತ್ ಅಂದ್ರೆ ಕೋರ್ಟು.' ಅಲ್ಲ, ನ್ಯಾಯ.
'ಓ. ಎರಡೂ ಬೇರೆ ಅಂತ ಅವರಿಗೂ ಗೊತ್ತು ಹಾಗಾದ್ರೆ.'
ಪ್ರಭುತ್ವಕ್ಕೆ ದೆವ್ಲೆತ್ ಅನ್ನುತ್ತಾರೆ ಎಂದಾಗ
ಚಾ ಲೋಟ ಕೆಳಗಿಟ್ಟು ನಕ್ಕರು:
'ನಾವು ದೌಲತ್ತು ಅಂತೀವಿ. ಸರಿಯಾಗೇ ಐತೆ.'

ನನ್ನ ಕಷ್ಟ ಹೇಳಿದೆ.
ದೊಡ್ಡದೊಂದು ಪಕ್ಷ; ಒಳಗಿನವರು ಅದನ್ನು ಅಕ್ ಎನ್ನುತ್ತಾರೆ,
ಅಕ್ ಎಂದರೆ ಬಿಳಿ, ಕಲೆಯಿಲ್ಲದ್ದು.
ಎದುರಿನವರು ಬೇಕೆಂದೇ ಅಕ್ಷರ ಬಿಡಿಸಿ ಅ-ಕೆ-ಪೆ ಎನ್ನುತ್ತಾರೆ.
ಯಾವುದು ಬರೆದರೂ ನಾನೊಂದು ಕಡೆ ಸೇರಿದಂತೆ.
'ಶುಕ್ಲಪಕ್ಷ ಅನ್ನು. ಆದ್ರೆ
ಉಳಿದವರನ್ನೆಲ್ಲ ಕೃಷ್ಣಪಕ್ಷ ಅಂದಂಗಾಯ್ತು.
ಎರಡೂ ಹೆಸರು ಬರಿ ತಾಯಿ. ಊರ್ಫ್ ಅಂತ ಹಾಕ್ತೀವಲ್ಲ,
ಊರ್ಫ್ ಹಾಕಿದ್ರೆ ಯಾರ ಗಂಟೂ ಹೋಗಲ್ಲ.'

ಮತ್ತೆ ಮುಚ್ಚಿಹೋದವು:
ತೊಂಬತ್ತೆಂಟರಲ್ಲಿ ನ್ಯಾಯಾಲಯ ಮುಚ್ಚಿದ ರೆಫಾಹ್,
ಅದರ ಜಾಗದಲ್ಲೆದ್ದು ಮೂರೇ ವರ್ಷಕ್ಕೆ ಮುಚ್ಚಿದ ಫಜೀಲೆತ್,
ಆಮೇಲೆ ಎರಡು ಕವಲು. ಒಂದು, ನಾನೇ ವಾರಸು ಎಂದಿತು;
ಇನ್ನೊಂದು, ಆ ಬಿಳಿಯದೇ, ಹಳೆ ಅಂಗಿ ಕಳಚಿಟ್ಟು ಬಂದೆ ಎಂದಿತು.
'ಪೌತಿ ಖಾತೆ,' ಅಂದರು, ಗಂಭೀರವಾಗಿ.
'ವಂಶವೃಕ್ಷ ಬರಿ. ವಾರಸಲ್ಲ ಅಂದವನ ಮಾತೂ ಬರಿ.
ಪತ್ರ ಬರಿಯೋನು ಜಮೀನು ಹಂಚೋನಲ್ಲ.'

ಬಸ್ಸು ಬಂತು. ಹತ್ತಲಿಲ್ಲ.

'ಎಡ ಬಲ ಬಿಡು. ಈ ಕಡೆಯಿಂದ ಹೋದ್ರೆ
ಗಣಪತಿ ಕೆರೆ ಎಡಕ್ಕೆ, ಆ ಕಡೆಯಿಂದ ಬಂದ್ರೆ ಬಲಕ್ಕೆ.
ಕೆರೆ ಏನು ಎದ್ದು ಹೋಗಿತ್ತಾ?
ಚಕ್ಕುಬಂದಿ ಹಾಕು.'
ಹಾಕಿದೆ, ಅಲ್ಲೇ, ಅವರ ಛಾಪಾ ಕಾಗದದ ಬೆನ್ನಿಗೆ:
ಮೂಡಲಿಗೆ ಧರ್ಮ, ಪಡುವಲಿಗೆ ಯುರೋಪು,
ತೆಂಕಲಿಗೆ ಕುರ್ದರ ಮಾತು, ಬಡಗಲಿಗೆ ಸೈನ್ಯ.
ಯಾವ ಗಡಿಯಲ್ಲಿ ಯಾರು ಯಾವ ವರ್ಷ ಏನೆಂದರು,
ಯಾವ ಚುನಾವಣೆಯಲ್ಲಿ ಬೇಲಿ ಎತ್ತಿ ಯಾರ ಜೊತೆ ಉತ್ತರು.

ಕೊನೆಯಲ್ಲಿ ಸಣ್ಣವನ್ನೆಲ್ಲ ಸೇರಿಸಿ
'ಇತರರು' ಎಂದು ಬರೆದಿದ್ದೆ.
ಅಲ್ಲಿ ಅವರ ಬೆರಳು ನಿಂತಿತು, ಬಹಳ ಹೊತ್ತು.

'ನಮ್ಮಪ್ಪ ಪ್ರಜಾ ಸಮಾಜವಾದಿ. ಆಮೇಲೆ ಸಂಯುಕ್ತ.
ಆಮೇಲೆ ಬರೀ ಸಮಾಜವಾದಿ.
ಬೋರ್ಡು ಅದೇ ಹಲಸಿನ ಹಲಗೆ, ಬಣ್ಣ ಮೂರು ಸಲ.
ಒಂದು ಸಲ ಪೇಪರ್‌ನಲ್ಲಿ ಫಲಿತಾಂಶ ಬಂತು:
ದೊಡ್ಡವರು ಹೆಸರ ಸಮೇತ; ಅಡಿಗೆ
ಇತರರು, ನಾನ್ನೂರ ಹನ್ನೊಂದು.
ಅಪ್ಪ, ಅವ್ವ, ಕ್ಷೌರದ ಬಸವಣ್ಣ, ದೋಣಿ ಬಿಡೋ ಕಾಸಿಂ
ಎಲ್ಲ ಅದರೊಳಗೇ.
ಅಪ್ಪ ಆ ಸಾಲನ್ನ ಉಗುರಲ್ಲಿ ಕೆರೀತಾ ಕೂತಿದ್ದ,
ಅಡಿಗೆ ಹೆಸರು ಇರಬಹುದೇನೋ ಅಂತ.'

ಬುಧವಾರ ಕಳಿಸಿದ್ದು ಐದು ಪುಟ.
ಸಂಪಾದಕರು ಫೋನಿನಲ್ಲಿ ರೇಗಿದರು. ರೇಗಲಿ.
ಇನ್ನೂ ಒಂದು ಉಳಿದಿದೆ, ಬಗೆಹರಿದಿಲ್ಲ:
'ಒಳ್ಳೆಯದು' ಎಂದೇ ಹೆಸರಿಟ್ಟುಕೊಂಡ ಪಕ್ಷವಿದೆ ಅಲ್ಲಿ.
ಅನುವಾದಿಸಿದರೆ ನಾನೇ ಹೊಗಳಿದ ಹಾಗೆ,
ಬಿಟ್ಟರೆ ಹೆಸರು ಕಸಿದ ಹಾಗೆ.
ಉದ್ಧರಣ ಚಿಹ್ನೆ ಹಾಕಿ ನೋಡಿದೆ; ಅಣಕಿಸಿದಂತೆ ಕಂಡಿತು.
ತೆಗೆದೆ.

ಅಡಿಯಲ್ಲಿ ತಾರೀಕು, ಇಂದಿನವರೆಗೆ ಮಾತ್ರ ಎಂಬ ಮಾತು,
ಬಿಕ್ಕಲಂ ಎಂದು ನನ್ನ ಹೆಸರು.